ಪೀಚ್‌ಟ್ರೀ, ಕೌಂಟಿ, ಕಡಲೆಕಾಯಿ: ಜಾರ್ಜಿಯಾಕ್ಕೆ ಹೊಸದಾಗಿ ಬಂದವರಿಗೆ

ಅಟ್ಲಾಂಟಾಗೆ ಬಂದ ಮೊದಲ ವಾರ ಮನೆ, ಫೋನು, ಬ್ಯಾಂಕು ಅಂತ ಓಡಾಟ ಇದ್ದೇ ಇರುತ್ತದೆ. ಅದಕ್ಕೆಲ್ಲ ಆಫೀಸಿನವರೋ ಗೆಳೆಯರೋ ದಾರಿ ತೋರಿಸುತ್ತಾರೆ. ಅಮೆರಿಕದ ಈ ಜಾರ್ಜಿಯಾ ರಾಜ್ಯದ ಕೆಲವು ವಿಶೇಷಗಳನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಕೇಳಲು ಬರೀ ಸ್ವಾರಸ್ಯದ ಸಂಗತಿ ಅನ್ನಿಸುತ್ತವೆ, ಆದರೆ ದಿನದ ಕೆಲಸಕ್ಕೆ ತುಂಬಾ ಒದಗುತ್ತವೆ.

ಮೊದಲು ವಿಳಾಸ. ಅಟ್ಲಾಂಟಾ ಸುತ್ತಮುತ್ತ ಪೀಚ್‌ಟ್ರೀ ಎಂಬ ಹೆಸರು ಹೊತ್ತ ರಸ್ತೆಗಳೇ 70ಕ್ಕೂ ಹೆಚ್ಚು ಇವೆ. ಪೀಚ್‌ಟ್ರೀ ಸ್ಟ್ರೀಟ್ ಬೇರೆ, ಅದರ ಪಕ್ಕದಲ್ಲೇ ಹೋಗುವ ವೆಸ್ಟ್ ಪೀಚ್‌ಟ್ರೀ ಬೇರೆ. ಸಾಲದ್ದಕ್ಕೆ ಊರಿನ ಹೆಸರುಗಳೂ ಹಾಗೇ. ಪೀಚ್‌ಟ್ರೀ ಕಾರ್ನರ್ಸ್ ಅಟ್ಲಾಂಟಾದ ಉತ್ತರಕ್ಕಿದೆ, ಪೀಚ್‌ಟ್ರೀ ಸಿಟಿ ದಕ್ಷಿಣಕ್ಕಿದೆ. ನಾವು ಬಂದ ವರ್ಷ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟು, ಮೊದಲನೆಯದಕ್ಕೆ ಹೋಗುವ ಬದಲು ಎರಡನೆಯದಕ್ಕೆ ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು. ಆ ಮನೆಯಮ್ಮ ನಮಗಾಗಿ ಸಪಾದಭಕ್ಷ್ಯ ಎತ್ತಿಟ್ಟು ಕಾಯುತ್ತಿದ್ದರು. ಆದ್ದರಿಂದ ಯಾರಾದರೂ ಪೀಚ್‌ಟ್ರೀ ಅಂದರೆ ಪೂರ್ತಿ ಹೆಸರು ಕೇಳಿ, ಜಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಬರೆದುಕೊಳ್ಳಿ.

ಇನ್ನೊಂದು, ಕೌಂಟಿ. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ. ಇದಕ್ಕಿಂತ ಜಾಸ್ತಿ ಇರುವುದು ಟೆಕ್ಸಾಸ್‌ನಲ್ಲಿ ಮಾತ್ರ. ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಕೌಂಟಿಯ ಕೈಯಲ್ಲಿ ಅಧಿಕಾರ ಹೆಚ್ಚು. ಮಕ್ಕಳ ಸರ್ಕಾರಿ ಶಾಲೆ ಯಾವುದು ಅನ್ನುವುದು ಮನೆಯ ವಿಳಾಸದ ಮೇಲೆ ನಿಂತಿದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಶಾಲೆ ವಿಚಾರಿಸಿ. ಶಾಲೆಗಳು ಆಗಸ್ಟ್ ಮೊದಲ ವಾರದ ಹೊತ್ತಿಗೇ ಶುರುವಾಗುತ್ತವೆ. ಜೂನ್‌ನಲ್ಲಿ ಬಂದವರಿಗೆ ಸಮಯ ಕಡಿಮೆ. ಲಸಿಕೆಗೆ 3231 ಅನ್ನುವ ಫಾರಂ, ಕಣ್ಣು, ಕಿವಿ, ಹಲ್ಲಿನ ತಪಾಸಣೆಗೆ 3300 ಅನ್ನುವ ಫಾರಂ ಬೇಕು. ಊರಿನ ಲಸಿಕೆ ಪುಸ್ತಕವನ್ನು ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲೇ ತನ್ನಿ. ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ ಮಕ್ಕಳಿಗೆ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಉಚಿತ. ಅದಕ್ಕೆ ದುಡ್ಡು ಬರುವುದು ರಾಜ್ಯದ ಲಾಟರಿಯಿಂದ. ಸೀಟು ಬೇಗ ತುಂಬುತ್ತದೆ.

ಡ್ರೈವಿಂಗ್ ಲೈಸೆನ್ಸು, ಕಾರಿನ ನೋಂದಣಿ ಎರಡಕ್ಕೂ ಇಲ್ಲಿ ನೆಲೆಸಿದ ಮೇಲೆ 30 ದಿನಗಳ ಗಡುವು. ಎರಡಕ್ಕೂ ಕಚೇರಿ ಬೇರೆ ಬೇರೆ. ಅಟ್ಲಾಂಟಾ ಸುತ್ತಲಿನ 13 ಕೌಂಟಿಗಳಲ್ಲಿ ಕಾರಿನ ಹೊಗೆ ತಪಾಸಣೆಯೂ ಇದೆ. 2018ರಿಂದ ಡ್ರೈವ್ ಮಾಡುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ.

ಮಾರ್ಚ್ ಕೊನೆಗೆ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮ ಕಾರಿನ ಮೇಲೆ ಯಾರೋ ಅರಿಸಿನ ಎರಚಿದ ಹಾಗೆ ಕಾಣುತ್ತದೆ. ಅದು ಪೈನ್ ಮರಗಳ ಪರಾಗ. ಕಣ್ಣಿಗೆ ಕಾಣುವ ಈ ಪುಡಿಗಿಂತ, ಅದೇ ಹೊತ್ತಿಗೆ ಓಕ್ ಮರಗಳಿಂದ ಹಾರುವ ಸಣ್ಣ ಪರಾಗವೇ ಸೀನು, ಕಣ್ಣುರಿಗೆ ಜಾಸ್ತಿ ಕಾರಣ. ಕಿಟಕಿ ಮುಚ್ಚಿಡಿ, ಬಟ್ಟೆ ಹೊರಗೆ ಒಣಹಾಕಬೇಡಿ. ಊರಲ್ಲಿ ಯಾವತ್ತೂ ಅಲರ್ಜಿ ಇಲ್ಲದವರಿಗೂ ಇಲ್ಲಿ ಒಂದೆರಡು ವರ್ಷವಾದ ಮೇಲೆ ಶುರುವಾಗುವುದುಂಟು.

ಸುಂಟರಗಾಳಿ ವಿಷಯದಲ್ಲಿ ಎರಡು ಪದ ಮನೆಯವರಿಗೆಲ್ಲ ಗೊತ್ತಿರಲಿ. ಫೋನಿನಲ್ಲಿ 'ವಾಚ್' ಅಂತ ಬಂದರೆ ಬರಬಹುದು ಎಂದರ್ಥ. 'ವಾರ್ನಿಂಗ್' ಅಂದರೆ ಕಣ್ಣಿಗೋ ರೇಡಾರಿಗೋ ಕಂಡೇಬಿಟ್ಟಿದೆ. ತಕ್ಷಣ ಬೇಸ್‌ಮೆಂಟಿಗೆ, ಅದಿಲ್ಲದಿದ್ದರೆ ಕೆಳ ಅಂತಸ್ತಿನ ಕಿಟಕಿಯಿಲ್ಲದ ಬಚ್ಚಲುಮನೆಗೆ ಹೋಗಿ. ಹಿಮ ಇಲ್ಲಿ ಅಪರೂಪ, ಆದರೆ ಬಿದ್ದಾಗ ಹಗುರವಾಗಿ ತೆಗೆದುಕೊಳ್ಳಬೇಡಿ. 2014ರ ಜನವರಿ 28ರಂದು ಬಿದ್ದದ್ದು ಎರಡು ಮೂರು ಇಂಚು ಅಷ್ಟೇ. ರಸ್ತೆ ಗಾಜಿನಂತಾಯಿತು. ಸಾವಿರಾರು ಜನ ಕಾರಿನಲ್ಲೇ ರಾತ್ರಿ ಕಳೆದರು, ಎಷ್ಟೋ ಮಕ್ಕಳು ಶಾಲೆಯಲ್ಲೇ ಮಲಗಿದರು. ಚಳಿಗಾಲದಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಕಂಬಳಿ, ನೀರು ಇರಲಿ.

ಊರಿಂದ ಅಪ್ಪ ಅಮ್ಮ ಬಂದರೆ ಕೋಕಾ-ಕೋಲಾ ಮ್ಯೂಸಿಯಂಗೆ ಎಲ್ಲರೂ ಕರೆದೊಯ್ಯುತ್ತಾರೆ. 1886ರಲ್ಲಿ ಆ ಪಾನೀಯ ಹುಟ್ಟಿದ್ದು ಇದೇ ಊರಿನಲ್ಲಿ. ನನ್ನನ್ನು ಕೇಳಿದರೆ, ಮೊದಲು ಆಬರ್ನ್ ಅವೆನ್ಯೂಗೆ ಹೋಗಿ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ 1929ರಲ್ಲಿ ಹುಟ್ಟಿದ ಬೀದಿ ಅದು. ಅವರ ಸಮಾಧಿಯೂ ಅಲ್ಲೇ ಇದೆ. ಪ್ರವೇಶಕ್ಕೆ ದುಡ್ಡಿಲ್ಲ. 1959ರಲ್ಲಿ ಅವರು ಭಾರತಕ್ಕೆ ಬಂದು ಗಾಂಧೀಜಿಯ ನೆಲವನ್ನು ನೋಡಿ ಹೋಗಿದ್ದರು. ಆ ಆವರಣದಲ್ಲೇ ಗಾಂಧೀಜಿಯ ಪ್ರತಿಮೆ ನಿಂತಿದೆ. ನಮ್ಮ ತಂದೆ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ಇನ್ನು ಊಟ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ: ಇಲ್ಲಿನ ಹೋಟೆಲುಗಳಲ್ಲಿ ಕಾಲರ್ಡ್ ಸೊಪ್ಪು, ಬೀನ್ಸ್ ಪಲ್ಯವನ್ನು ಹಂದಿಮಾಂಸ ಹಾಕಿ ಬೇಯಿಸುವುದು ವಾಡಿಕೆ. ಸೊಪ್ಪೇ ಅಲ್ವಾ ಅಂತ ನಂಬಿ ತಿನ್ನಬೇಡಿ, ಕೇಳಿ. ವಸಂತದಲ್ಲಿ ಬರುವ ವಿಡೇಲಿಯಾ ಈರುಳ್ಳಿಯನ್ನು ಮಾತ್ರ ಬಿಡಬೇಡಿ. ವಿಡೇಲಿಯಾ ಊರಿನ ಸುತ್ತಲಿನ ಮಣ್ಣಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಅದು ಸಿಹಿ. ಹುಳಿಗೆ ಅಷ್ಟು ಹೊಂದುವುದಿಲ್ಲ, ಮೊಸರುಬಜ್ಜಿಗೆ ಬಲು ರುಚಿ.

ಪೀಚ್ ರಾಜ್ಯ ಅಂತ ಹೆಸರಾದರೂ ಜಾರ್ಜಿಯಾದ ನಿಜವಾದ ಬೆಳೆ ಕಡಲೆಕಾಯಿ. ಅಮೆರಿಕದ ಕಡಲೆಕಾಯಲ್ಲಿ ಸುಮಾರು ಅರ್ಧ ಇಲ್ಲೇ ಬೆಳೆಯುತ್ತದೆ. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಕೂಡ ಪ್ಲೇನ್ಸ್ ಎಂಬ ಪುಟ್ಟ ಊರಿನಲ್ಲಿ ಕಡಲೆಕಾಯಿ ರೈತರಾಗಿದ್ದವರೇ. ಬೇಸಿಗೆ ಕೊನೆಯಲ್ಲಿ ಅಟ್ಲಾಂಟಾ ಬಿಟ್ಟು ಹೊರಗೆ ಹೊರಟರೆ, ಕೆಮ್ಮಣ್ಣಿನ ರಸ್ತೆ ಬದಿಯಲ್ಲಿ ದೊಡ್ಡ ಹಂಡೆ ಇಟ್ಟುಕೊಂಡು ಕೂತವರು ಕಾಣುತ್ತಾರೆ. ಹಸಿ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಉಪ್ಪುನೀರಲ್ಲಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ. ಕೆಲವರು ಅದಕ್ಕೂ ಮಾಂಸದ ತುಂಡು ಹಾಕುತ್ತಾರೆ, ಮೊದಲೇ ವಿಚಾರಿಸಿ. ಬರೀ ಉಪ್ಪಿನದು ಕೇಳಿದರೆ ಜಾಲರಿ ಸೌಟಿನಲ್ಲಿ ಎತ್ತಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಲೋಟಕ್ಕೆ ಸುರಿದು ಕೊಡುತ್ತಾರೆ. ಸಿಪ್ಪೆ ಎಷ್ಟು ಮೆತ್ತಗಿರುತ್ತದೆಂದರೆ, ಒತ್ತಿದರೆ ಬಿಸಿ ಉಪ್ಪುನೀರು ಮಣಿಕಟ್ಟಿಗೆ ಇಳಿಯುತ್ತದೆ. ಬಸವನಗುಡಿ ಪರಿಷೆಯ ಬಿಸಿ ಕಡಲೆಕಾಯಿ ತಿಂದು ಬೆಳೆದವರು ಆ ಲೋಟ ಹಿಡಿದು ಮಾತಿಲ್ಲದೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಜೊತೆಗೆ ಒಂದು ಖಾಲಿ ಚೀಲ ಒಯ್ಯಿರಿ, ಸಿಪ್ಪೆ ಹಾಕಲು.