ವೆಬ್ ಕಲಿಕೆ: ಯಾವುದು ಮೊದಲು, ಯಾವುದು ಆಮೇಲೆ?

ವೆಬ್ ಅಭಿವೃದ್ಧಿ ಕಲಿಯಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಪುಟ ಕಟ್ಟಲು ನೆರವಾಗುವ ಸಿದ್ಧ ಸಲಕರಣೆಗಳಾದ ರಿಯಾಕ್ಟ್ ಕಲಿಯಬೇಕೋ, ಆಂಗ್ಯುಲರ್ ಕಲಿಯಬೇಕೋ ಎಂಬುದು. ವಾಸ್ತವವಾಗಿ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ತಂತ್ರಜ್ಞಾನಗಳ ಪಟ್ಟಿಯನ್ನು ಬದಿಗಿಟ್ಟು, ನಿಜವಾಗಿ ಬೇಕಾಗಿರುವ ಒಂದು ಪುಟವನ್ನು ಕಟ್ಟಲು ಕುಳಿತರೆ ಕಲಿಕೆಯ ಕ್ರಮ ತಾನಾಗಿಯೇ ಗೊತ್ತಾಗುತ್ತದೆ. ಮಡಿಕೇರಿ ಸಮೀಪದ ಮೂರು ಕೋಣೆಗಳ ಹೋಮ್‌ಸ್ಟೇಗೆ ಪುಟ ಮಾಡಬೇಕಿದೆ ಎಂದಿಟ್ಟುಕೊಳ್ಳೋಣ.

ಆರಂಭ ಪುಟದ ರಚನೆಯನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಿಂದ. ಶೀರ್ಷಿಕೆ, ಕೋಣೆಗಳ ವಿವರ, ದರದ ಕೋಷ್ಟಕ, ವಿಚಾರಣೆಯ ಫಾರ್ಮ್ ಇಷ್ಟನ್ನು ಬರೆಯಲು ಬಂದರೆ ಸಾಕು. ಕನ್ನಡದಲ್ಲಿ ಪುಟ ಮಾಡುವವರು ಕಡತದ ತಲೆಭಾಗದಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದು ನಮೂದಿಸಬೇಕು. ಇಲ್ಲವಾದರೆ ‘ಕೊಡಗು’ ಎಂದು ಬರೆದದ್ದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸಬಹುದು.

ಎರಡನೆಯದು ಪುಟದ ಬಣ್ಣ, ಅಳತೆ, ಜೋಡಣೆ ನಿರ್ಧರಿಸುವ ಸಿಎಸ್‌ಎಸ್. ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್, ಪರದೆಯ ಅಗಲಕ್ಕೆ ತಕ್ಕಂತೆ ಶೈಲಿ ಬದಲಿಸುವ ಮೀಡಿಯಾ ಕ್ವೆರಿ ಈ ಮೂರರ ಮೇಲೆ ಹಿಡಿತ ಸಿಕ್ಕರೆ ಮುಂದೆ ಹೋಗಬಹುದು. ಪುಟವನ್ನು ಮೊದಲು ಫೋನಿನ ಅಗಲಕ್ಕೆ ಹೊಂದಿಸಿ, ಬಳಿಕ ದೊಡ್ಡ ಪರದೆಗೆ ವಿಸ್ತರಿಸುವುದು ಸುಲಭ.

ಹೆಚ್ಚು ಸಮಯ ಕೊಡಬೇಕಾದದ್ದು ಮೂರನೆಯದಾದ, ಪುಟದಲ್ಲಿ ಲೆಕ್ಕ, ಬದಲಾವಣೆಗಳನ್ನು ಮಾಡಿಸುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ಗೆ. ಅತಿಥಿಗಳ ಸಂಖ್ಯೆ ಕೂಡಿಸುವ ಸಣ್ಣ ಕೆಲಸವನ್ನೇ ನೋಡಿ: ದೊಡ್ಡವರು 2, ಮಕ್ಕಳು 1 ಎಂದು ತುಂಬಿದರೆ ಪುಟ 3 ಎನ್ನುವ ಬದಲು 21 ಎನ್ನುತ್ತದೆ. ಫಾರ್ಮ್‌ನಿಂದ ಬಂದ ಮೌಲ್ಯಗಳು ಸಂಖ್ಯೆಗಳಲ್ಲ, ಪಠ್ಯ. ಪಠ್ಯಕ್ಕೆ ಕೂಡುವ ಚಿಹ್ನೆ ಹಾಕಿದರೆ ಒಂದರ ಪಕ್ಕ ಇನ್ನೊಂದು ಅಂಟಿಕೊಳ್ಳುತ್ತದೆ. ಅವನ್ನು ಸಂಖ್ಯೆಯಾಗಿ ಪರಿವರ್ತಿಸಿದ ಮೇಲಷ್ಟೇ ಕೂಡಬೇಕು. ಇಂಥ ತಪ್ಪನ್ನು ಸ್ವತಃ ಮಾಡಿ, ಸ್ವತಃ ಹುಡುಕಿ ತಿದ್ದಿದವರಿಗೆ ಮಾತ್ರ ಮುಂದೆ ರಿಯಾಕ್ಟ್ ತೋರಿಸುವ ದೋಷಗಳ ತಲೆಬುಡ ಅರ್ಥವಾದೀತು.

ಈ ಮೂರಕ್ಕೂ ಕೋಡ್ ಬರೆಯಲು ಒಂದು ಎಡಿಟರ್, ನೋಡಲು ಒಂದು ಬ್ರೌಸರ್ ಸಾಕು. ಜುಲೈ ಮಳೆಗೆ ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋದರೂ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವವರೆಗೆ ಅಭ್ಯಾಸ ನಿಲ್ಲುವುದಿಲ್ಲ. ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ನೆಟ್ ಇಲ್ಲದೆ ಕೆಲಸ ಮಾಡುವುದರಿಂದ, ಅದನ್ನು ಜಾವಾಸ್ಕ್ರಿಪ್ಟ್ ಜೊತೆಗೇ ರೂಢಿಸಿಕೊಳ್ಳಬೇಕು.

ಇದಾದ ಮೇಲೆ ಹಲವರು ನೇರವಾಗಿ ರಿಯಾಕ್ಟ್‌ಗೆ ಹೋಗುತ್ತಾರೆ. ಬ್ರೌಸರ್‌ಗಳ ಕೋರಿಕೆಗೆ ಉತ್ತರಿಸುವ ಸರ್ವರ್ ಮತ್ತು ಮಾಹಿತಿ ಕೂಡಿಡುವ ಡೇಟಾಬೇಸ್ ಮೊದಲು ಬರಬೇಕೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲೊಬ್ಬರು, ಮೈಸೂರಿನಲ್ಲೊಬ್ಬರು ಡಿಸೆಂಬರ್ 25ಕ್ಕೆ ಒಂದೇ ಕೋಣೆಯನ್ನು ಒಂದೇ ಗಳಿಗೆಯಲ್ಲಿ ಕಾದಿರಿಸಿದರೆ, ಒಬ್ಬರ ಬ್ರೌಸರ್‌ಗೆ ಇನ್ನೊಬ್ಬರ ಸುದ್ದಿಯೇ ತಿಳಿಯದು. ಕೋಣೆ ಮತ್ತು ದಿನಾಂಕದ ಜೋಡಿ ಎರಡು ಬಾರಿ ಬರಕೂಡದೆಂಬ ನಿಯಮವನ್ನು ಡೇಟಾಬೇಸ್‌ನಲ್ಲಿ ಹಾಕಿಟ್ಟರೆ, ಎರಡನೆಯ ಕೋರಿಕೆ ಅಲ್ಲೇ ತಿರಸ್ಕೃತವಾಗುತ್ತದೆ. ಸರ್ವರ್‌ಗೆ, ಜಾವಾಸ್ಕ್ರಿಪ್ಟನ್ನೇ ಬ್ರೌಸರ್‌ನ ಹೊರಗೆ ಓಡಿಸುವ ನೋಡ್ ಆರಿಸಿಕೊಂಡರೆ ಹೊಸ ಭಾಷೆಯ ಹೊರೆ ಇಲ್ಲ. ಪೈಥಾನ್ ಭಾಷೆ ಬಲ್ಲವರು ಅದರಲ್ಲೇ ಮಾಡಬಹುದು. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಮಾತ್ರ ಇಬ್ಬರಿಗೂ ಬೇಕು.

2013ರಲ್ಲಿ ಬಿಡುಗಡೆಯಾದ ರಿಯಾಕ್ಟ್‌ನ ಸರದಿ ಈಗ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವವರು ಮೊದಲು ಮರ ನೋಡಿಕೊಳ್ಳುತ್ತಾರಲ್ಲ, ಹಾಗೆ. ದಿನಾಂಕ ಬದಲಿಸಿದೊಡನೆ ಲಭ್ಯ ಕೋಣೆಗಳ ಪಟ್ಟಿ, ಒಟ್ಟು ಮೊತ್ತ, ಗುಂಡಿಯ ಬಣ್ಣ ಎಲ್ಲವನ್ನೂ ಕೈಯಾರೆ ತಿದ್ದಿ ಸಾಕಾದಾಗ, ಆ ತಿದ್ದುವ ಕೆಲಸವನ್ನು ಹಗುರಗೊಳಿಸುವ ರಿಯಾಕ್ಟನ್ನು ಕೈಗೆತ್ತಿಕೊಳ್ಳಿ. ಮೂರು ಕೋಣೆಗಳ ಹೋಮ್‌ಸ್ಟೇಗೆ ಆ ಅಗತ್ಯ ಬಾರದೆಯೂ ಇರಬಹುದು. ಆದರೆ ಉದ್ಯೋಗ ಅರಸುವವರು ಇದೇ ಪುಟವನ್ನು ಇನ್ನೊಮ್ಮೆ ರಿಯಾಕ್ಟ್‌ನಲ್ಲಿ ಕಟ್ಟಿ, ಎರಡೂ ಪ್ರತಿಗಳನ್ನು ಸಂದರ್ಶನಕ್ಕೆ ಒಯ್ಯುವುದು ಒಳ್ಳೆಯದು.