ಸರ್ಚ್ ಮಾಡಿಯೇ ಕಟ್ಟಿದ ಕ್ವಿಜ್ ಪ್ರಶ್ನೆಗಳು: ನನ್ನ ಅನುಭವ

ಬರೀ ನೆಟ್‌ನಲ್ಲಿ ಹುಡುಕಿ ಜಿಕೆ ಪ್ರಶ್ನೆ ಮಾಡುತ್ತೇನೆ ಅಂದಾಗ ನಮ್ಮ ಕ್ವಿಜ್ ಬಳಗದವರು ನಕ್ಕಿದ್ದರು. ಅಲ್ಲಿ ಸಿಗೋದೆಲ್ಲ ಕಸ ಅಂದರು. ಈಗ ನನ್ನ ಶೀಟ್‌ನಲ್ಲಿ ಸಾವಿರದ ಮೇಲೆ ಪ್ರಶ್ನೆಗಳಿವೆ, ಇತ್ತೀಚಿನ ಸುತ್ತುಗಳಲ್ಲಿ ಒಂದಕ್ಕೂ ತಕರಾರು ಬಂದಿಲ್ಲ. ನಕ್ಕವರೇ ಫೈಲ್ ಕಳಿಸು ಅಂತ ಗಂಟು ಬಿದ್ದಿದ್ದಾರೆ.

ಹಾಗಂತ ನಾನು ದುಡ್ಡು ಕಳೆದಿಲ್ಲ ಅಂತಲ್ಲ. ಮೊದಲು ಒಂದು ಪಿಡಿಎಫ್ ಕಟ್ಟು ಕೊಂಡಿದ್ದೆ, ಐದು ಸಾವಿರ ಪ್ರಶ್ನೆ ಅಂತ ಮಾರಿದ್ದರು, ನೋಡಿದರೆ ಒಂದೇ ಪ್ರಶ್ನೆ ಮೂರು ಮೂರು ಕಡೆ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅನ್ನೋದೂ ಇತ್ತು. ಚಂದ್ರ ಬಿಡಿ, 2003ರಲ್ಲಿ ಭೂಮಿಯ ಹತ್ತಿರದ ಕಕ್ಷೆಯಲ್ಲೇ ಸುತ್ತಿ ಬಂದ ಚೀನಾದ ಯಾಂಗ್ ಲಿವೇ ಕೂಡ ತನಗೆ ಗೋಡೆ ಕಾಣಲಿಲ್ಲ ಎಂದಿದ್ದರು. ಆಮೇಲೆ ಒಂದು ಆ್ಯಪ್‌ಗೆ ಚಂದಾ ಕಟ್ಟಿದೆ. ಅದರಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹ! 2006ರಲ್ಲೇ ಅದನ್ನು ಕುಬ್ಜ ಗ್ರಹ ಮಾಡಿದ್ದಾರೆ, ಅಲ್ವಾ? ಚಂದಾ ವಾಪಸ್ ಕೇಳಿದೆ, ಉತ್ತರವೇ ಬರಲಿಲ್ಲ.

ನನ್ನ ಕೈ ಹಿಡಿದದ್ದು ಮೈನಸ್ ಚಿಹ್ನೆ. ಸರ್ಚ್‌ನಲ್ಲಿ ಯಾವ ಪದಕ್ಕೆ ಮುಂಚೆ ಇದನ್ನು ಅಂಟಿಸುತ್ತೇವೋ ಆ ಪದ ಇರುವ ಪುಟಗಳು ಬರುವುದಿಲ್ಲ. ನಮಗೆ ಗೊತ್ತಿರುವ ಉತ್ತರವನ್ನೂ ಸೇರಿಸಿ ಹುಡುಕಿದರೆ ಹೂಂಗುಟ್ಟುವ ಪುಟಗಳೇ ಜಾಸ್ತಿ ಬರುತ್ತವೆ. ಅದಕ್ಕೆ ನಾನು ಆ ಉತ್ತರವನ್ನು ತೆಗೆದು ಹುಡುಕುತ್ತೇನೆ. ಜಗತ್ತಿನ ಅತಿ ದೊಡ್ಡ ಮರುಭೂಮಿ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಮೈನಸ್ ಹಾಕಿ ಸಹಾರಾ. ಆಗ ಅಂಟಾರ್ಕ್ಟಿಕಾ ಮುಂದೆ ಬರುತ್ತದೆ, ಸುಮಾರು 1.4 ಕೋಟಿ ಚದರ ಕಿ.ಮೀ. ಸಹಾರಾ 90 ಲಕ್ಷದ ಆಸುಪಾಸು. ಸಹಾರಾನೇ ಉತ್ತರ ಆಗಬೇಕಿದ್ದರೆ ಪ್ರಶ್ನೆಯಲ್ಲಿ ‘ಬಿಸಿ ಮರುಭೂಮಿ’ ಅಂತ ಇರಲೇಬೇಕು.

ಹತ್ತು ಪುಟ ಒಂದೇ ಮಾತು ಹೇಳುತ್ತಿವೆ ಅಂತ ನಂಬುವವರು ಬಹಳ. ಆ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ ನೋಡಿ, ಅಲ್ಪವಿರಾಮವೂ ಬದಲಾಗದೆ ನಕಲಾಗಿರುತ್ತದೆ. ನನ್ನ ಲೆಕ್ಕದಲ್ಲಿ ಅದು ಹತ್ತಲ್ಲ, ಒಂದೇ ಸಾಕ್ಷಿ. ಅದರ ಮೂಲ ಪುಟ ಹೇಗೆ ಹಿಡಿಯುತ್ತೇನೆ ಅನ್ನೋದನ್ನು ಮಾತ್ರ ಸದ್ಯಕ್ಕೆ ಹೇಳಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

ಉತ್ತರವನ್ನು ಯಾವತ್ತು ನೋಡಿದ್ದು ಅನ್ನೋ ತಾರೀಖಿನ ಕಾಲಂ ಶೀಟ್‌ನಲ್ಲಿ ಇಲ್ಲದಿದ್ದರೆ ಕಥೆ ಮುಗಿದಂತೆ. ಹೆಚ್ಚು ಚಂದ್ರರಿರುವ ಗ್ರಹ ಯಾವುದು? 2023ರ ಶುರುವಿನಲ್ಲಿ ಗುರು, ಕೆಲವೇ ತಿಂಗಳಲ್ಲಿ ಶನಿ. 2025ರ ಮಾರ್ಚ್‌ನಲ್ಲಿ ಶನಿಗೆ ಒಂದೇ ಏಟಿಗೆ 128 ಹೊಸ ಚಂದ್ರರು ಸೇರಿ ಒಟ್ಟು 274 ಆದವು. ಇಂಥ ಪ್ರಶ್ನೆಗಳು ನೂರಕ್ಕೆ ಇಪ್ಪತ್ತಾದರೂ ಇವೆ, ಪ್ರತಿ ಸುತ್ತಿಗೂ ಮುಂಚೆ ಮತ್ತೆ ನೋಡುತ್ತೇನೆ.

ಜಾಸ್ತಿ ಜಗಳ ತರೋದು ಶುಕ್ರ ಗ್ರಹ. ಅಲ್ಲಿನ ದಿನ ವರ್ಷಕ್ಕಿಂತ ಉದ್ದ ಅಂತ ಎಲ್ಲರೂ ಬರೆಯುತ್ತಾರೆ. ತನ್ನ ಅಕ್ಷದ ಮೇಲೆ ಒಂದು ಸುತ್ತಿಗೆ 243 ಭೂ ದಿನ, ವರ್ಷ 225. ಸರಿ. ಆದರೆ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನ ಅಷ್ಟೇ. ಪ್ರಶ್ನೆಯಲ್ಲಿ ಸುಮ್ನೆ ‘ದಿನ’ ಅಂದರೆ ಎರಡೂ ತಂಡ ಎದ್ದು ನಿಲ್ಲುತ್ತವೆ. ನಾನು ‘ಅಕ್ಷದ ಸುತ್ತು’ ಅಂತಲೇ ಬರೆಯುತ್ತೇನೆ.

ನಡುವೆ ಚಾಟ್‌ಬಾಟ್ ಕೂಡ ಪ್ರಯೋಗ ಮಾಡಿದೆ. ಸರಿ ಉತ್ತರಕ್ಕೆ ನಂಬೋದಿಲ್ಲ, ಆದರೆ ಆಯ್ಕೆಗಳಲ್ಲಿ ಇಡಲು ನಿಜದಂತೆ ಕಾಣುವ ತಪ್ಪು ಉತ್ತರಗಳನ್ನು ಅದು ಮಸ್ತ್ ಕೊಡುತ್ತದೆ! ಚಿತ್ರ ನೋಡಿ ಗುರುತಿಸುವ ಪ್ರಶ್ನೆಗಳಿಗೆ ಮಾತ್ರ ನನ್ನ ಈ ಸರ್ಚ್ ಪದ್ಧತಿ ಸಾಲುತ್ತಿಲ್ಲ. ಈಗ ಅದರ ಹಿಂದೆ ಬಿದ್ದಿದ್ದೇನೆ.