ಆಟಿಯ ಮಳೆ ಬಿಟ್ಟು ಲಂಕೆಯ ಧೂಳಿಗೆ

ಜುಲೈ-ಆಗಸ್ಟಿನ ಮಳೆಗಾಲದ ಆಟಿ ತಿಂಗಳಲ್ಲಿ ಉಡುಪಿಯವರು ಮನೆ ಬಿಟ್ಟು ಹೊರಡುವುದು ಕಡಿಮೆ. ನಾನು ಮತ್ತು ಬಾವ ಕ್ಯಾಮೆರಾ ಕಟ್ಟಿಕೊಂಡು ಶ್ರೀಲಂಕಾಕ್ಕೆ ಹೊರಟದ್ದೇ ಆಟಿಯಲ್ಲಿ. "ಇಲ್ಲೇ ಬೇಕಾದಷ್ಟು ಮಳೆ ಉಂಟಲ್ಲ, ಅಲ್ಲಿಗೆ ಹೋಗಿ ನೆನೆಯುವುದು ಎಂತಕ್ಕೆ?" ಎಂದರು ಅಮ್ಮ.

ಅಮ್ಮನ ಮಾತು ಅರ್ಧ ಸರಿ. ನಮಗೆ ಮಳೆ ತರುವ ಮುಂಗಾರೇ ಲಂಕೆಗೂ ಹೋಗುತ್ತದೆ. ಆದರೆ ನೈಋತ್ಯ ಭಾಗವನ್ನು ತೋಯಿಸಿ, ನಡುವಿನ ಬೆಟ್ಟ ಹತ್ತುವಷ್ಟರಲ್ಲಿ ಮೋಡ ಖಾಲಿ. ಆಚೆ ಕಡೆ ಬರೀ ಒಣಗಾಳಿ. ಆಗುಂಬೆ ದಾಟಿ ಪೂರ್ವಕ್ಕೆ ಹೋಗುತ್ತಾ ಹೋದರೆ ಮಳೆ ಕರಗುತ್ತದಲ್ಲ, ಹಾಗೆ. ಅಲ್ಲಿನ ದೊಡ್ಡ ರಾಷ್ಟ್ರೀಯ ಉದ್ಯಾನಗಳು ಹೆಚ್ಚಾಗಿ ಇರುವುದು ಈ ಒಣ ಭಾಗದಲ್ಲೇ. ಜುಲೈಯಲ್ಲಿ ನೀರು ಇಳಿದಿರುತ್ತದೆ. ಉಳಿದ ಕೆರೆಗೆ ಪ್ರಾಣಿಗಳು ಬರಲೇಬೇಕು.

ಮಂಗಳೂರಿನಿಂದ ನೇರ ವಿಮಾನ ಸಿಗಲಿಲ್ಲ. ರಾತ್ರಿ ಬಸ್ಸಲ್ಲಿ ಬೆಂಗಳೂರು, ಅಲ್ಲಿಂದ ಕೊಲಂಬೊ. ಎಲ್ಲರೂ ಹೇಳುವ ಯಾಲಾ ಉದ್ಯಾನವನ್ನು ನಾನು ಬೇಕೆಂದೇ ಬಿಟ್ಟೆ. ಅಲ್ಲಿ ಚಿರತೆ ಜಾಸ್ತಿ, ನಿಜ. ಜೀಪುಗಳೂ ಜಾಸ್ತಿ. ರಥಬೀದಿಯ ಜಂಗುಳಿಯಲ್ಲಿ ನಿಂತು ಚಿರತೆ ನೋಡುವ ಆಸೆ ನನಗಿಲ್ಲ. ಹಾಗಾಗಿ ಮೊದಲು ವಿಲ್ಪತ್ತು.

ಅನುರಾಧಪುರದಿಂದ ಸುಮಾರು 30 ಕಿ.ಮೀ. ದೂರ. ಲಂಕೆಯ ಅತಿ ದೊಡ್ಡ ಉದ್ಯಾನ, 1,300 ಚದರ ಕಿ.ಮೀ. ದಾಟುತ್ತದೆ. ಅಂತರ್ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಮುಚ್ಚಿದ್ದು, 2003ರಲ್ಲಿ ಮತ್ತೆ ತೆರೆಯಿತು. ಇಲ್ಲಿನ ವಿಶೇಷ 'ವಿಲ್ಲು'ಗಳು. ಯಾರೂ ಕಟ್ಟಿದ ಕೆರೆಗಳಲ್ಲ. ಮಳೆನೀರು ತಂತಾನೇ ನಿಂತ ತಗ್ಗುಗಳು, ಸುತ್ತ ಬಿಳಿ ಮರಳಿನ ಅಂಚು. ಕಾಡಿನೊಳಗೆ ಅರ್ಧ ಗಂಟೆ ಕೆಂಪು ದಾರಿಯಲ್ಲಿ ಕುಲುಕಿಸಿಕೊಂಡು ಹೋಗಿ, ಫಕ್ಕನೆ ಮಲ್ಪೆ ಕಡಲತಡಿಯ ತುಂಡೊಂದು ಕಂಡ ಹಾಗೆ.

ಜೀಪಿನ ಕಂಬಿಯ ಮೇಲೆ ಲೆನ್ಸ್ ಇಡಲು ಬೀನ್‌ಬ್ಯಾಗ್ ಬೇಕು. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಹೊಲಿದು, ಖಾಲಿ ಚೀಲವನ್ನೇ ಒಯ್ದಿದ್ದೆ. ಅನುರಾಧಪುರದಲ್ಲಿ ಎರಡು ಕಿಲೋ ಕೆಂಪಕ್ಕಿ ತೆಗೆದುಕೊಂಡು ತುಂಬಿಸಿದೆ. ನಮ್ಮ ಕುಚ್ಚಲಕ್ಕಿಯ ನೆಂಟನೇ ಅದು. ವಿಮಾನದಲ್ಲಿ ತೂಕ ಉಳಿಯಿತು.

ಮೊದಲ ದಿನ ಅಲ್ಲಿಗೆ ಇಲ್ಲಿಗೆ ಅಲೆದು ನವಿಲು, ಮೊಸಳೆ, ಕಾಡುಕೋಳಿ ಬಿಟ್ಟರೆ ಎಂತದೂ ಇಲ್ಲ. ಎರಡನೇ ದಿನ ಡ್ರೈವರ್‌ಗೆ ಹೇಳಿದೆ: ಒಂದೇ ವಿಲ್ಲು, ಇಂಜಿನ್ ಆಫ್, ಸುಮ್ನೆ ಕೂರೋಣ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಬಾವ ತೂಕಡಿಸುತ್ತಿದ್ದ. ಆಗ ಚುಕ್ಕಿಜಿಂಕೆಯೊಂದು ಕೂಗಿತು. ಎದುರು ದಡದ ಪೊದೆಯಿಂದ ಚಿರತೆ ಬಂತು. ಓಡಲಿಲ್ಲ, ಅಡಗಲಿಲ್ಲ. ಲಂಕೆಯಲ್ಲಿ ಹುಲಿ ಇಲ್ಲ, ಸಿಂಹವೂ ಇಲ್ಲ. ಹೆದರಬೇಕಾದ ಅಣ್ಣಂದಿರಿಲ್ಲದ ಮನೆಯ ಹುಡುಗನ ನಡಿಗೆ ಅದು. ನೀರಿನಂಚಿಗೆ ಬಂದು ಮುಂಗಾಲು ಮಡಚಿತು. ಹೆಗಲ ಎಲುಬುಗಳೆರಡೂ ಬೆನ್ನಿಗಿಂತ ಮೇಲೆ ಎದ್ದವು. ನಾಲಿಗೆ ತಾಗಿದಲ್ಲಿಂದ ಹುಟ್ಟಿದ ಅಲೆಗಳು ಆಚೆ ನಿಂತಿದ್ದ ಕೊಕ್ಕರೆಯ ಕಾಲಿನವರೆಗೂ ಹೋದವು. ಕೊಕ್ಕರೆ ಕದಲಲಿಲ್ಲ.

ಒಂದು ತಪ್ಪು ಮಾಡಿದೆ. ಬಿಳಿ ಮರಳು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ, ಚಿತ್ರ ಮಂಕಾಗುತ್ತದೆ. ಎಕ್ಸ್‌ಪೋಶರ್, ಅಂದರೆ ಒಳಗೆ ಬಿಡುವ ಬೆಳಕು, ಏರಿಸುವುದು ನೆನಪಾಗುವಷ್ಟರಲ್ಲಿ ಮೊದಲ ಇಪ್ಪತ್ತು ಫೋಟೋ ಹೋಗಿದ್ದವು. ನೀವು ಹೋದರೆ ದಡ ಕಂಡ ಕೂಡಲೇ ಏರಿಸಿಡಿ.

ಅಲ್ಲಿಂದ ಹಾರ್ಟನ್ ಪ್ಲೇನ್ಸ್. 2,100 ಮೀಟರ್ ಎತ್ತರದ ಹುಲ್ಲುಗಾವಲು, ಮಡಿಲಲ್ಲಿ ಗಿಡ್ಡ ಮರಗಳ ಕಾಡು. ಕುದುರೆಮುಖ ನೋಡಿದವರಿಗೆ ಹೊಸತೆನಿಸದು. ಗೇಟಿನಲ್ಲಿ ಬಿಸ್ಕಿಟಿನ ಪ್ಲಾಸ್ಟಿಕ್ ಸುಲಿದು ಕಾಗದದಲ್ಲಿ ಕಟ್ಟಿಕೊಟ್ಟರು. ನಮ್ಮೂರಲ್ಲೂ ಮಾಡಬಹುದು, ಅಲ್ವಾ? 800 ಮೀಟರಿಗೂ ಜಾಸ್ತಿ ಆಳದ ಪ್ರಪಾತ, 'ವರ್ಲ್ಡ್ಸ್ ಎಂಡ್', ನೋಡಲು ನಸುಕಿಗೇ ನಡೆದೆವು. ಕಂಡದ್ದು ಬಿಳಿ ಗೋಡೆ. ಮಂಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಂತ ಮಾರಾಯ, ಮಳೆ ಬಿಟ್ಟು ಮಳೆಗೇ ಕರ್ಕೊಂಡು ಬಂದದ್ದಾ?" ಎಂದ ಬಾವ. ತಪ್ಪು ನನ್ನದೇ. ಮುಂಗಾರು ಖಾಲಿಯಾಗುವುದೇ ಈ ಬೆಟ್ಟದಲ್ಲಿ. ಇಲ್ಲಿಗೆ ಬರಬೇಕಾದ್ದು ಜನವರಿಯಿಂದ ಮಾರ್ಚ್ ಒಳಗೆ.

ಆದರೂ ಆ ಮಂಜು ಎಲ್ಲಿಗೆ ಹೋಗುತ್ತದೆ ಎಂದು ಕೆಳಗಿಳಿದ ಮೇಲೆ ಗೊತ್ತಾಯಿತು. ವಳವೆ ನದಿಯ ಮೂಲ ಈ ಬೆಟ್ಟದಲ್ಲೇ. ಅದೇ ನೀರು ಕೆಳಗೆ ಉಡವಳವೆ ಜಲಾಶಯದಲ್ಲಿ ನಿಲ್ಲುತ್ತದೆ. ಸುತ್ತಲಿನ ಉದ್ಯಾನ ಆದದ್ದು 1972ರಲ್ಲಿ, ಅಣೆಕಟ್ಟೆಯಿಂದ ನೆಲೆ ಕಳೆದುಕೊಂಡ ಪ್ರಾಣಿಗಳಿಗಾಗಿ. ಮುಳುಗಿದ ಮರಗಳ ಬೋಳು ಕಾಂಡಗಳು ಇನ್ನೂ ನೀರಲ್ಲಿ ನಿಂತಿವೆ. ತುದಿಯಲ್ಲಿ ಹದ್ದು, ಬುಡದಲ್ಲಿ ಆನೆ.

"ಅಲಿಯಾ! ಅಲಿಯಾ!" ಎಂದು ಡ್ರೈವರ್ ಕೂಗಿದಾಗ ಬಾವ ಗಾಬರಿಯಿಂದ ತಿರುಗಿದ. ನಮ್ಮ ಅಪ್ಪನಿಗೆ ಅವನೇ ಅಳಿಯ! ಸಿಂಹಳದಲ್ಲಿ ಅಲಿಯಾ ಅಂದರೆ ಆನೆ. ಲಂಕೆಯ ಗಂಡಾನೆಗಳಲ್ಲಿ ದಂತ ಇರುವವು ತೀರಾ ಕಡಿಮೆ. ಹಿಂಡಿಗೆ ಹಿರಿಯ ಹೆಣ್ಣೇ ಯಜಮಾನಿ, ಗಂಡು ಮರಿಗಳು ಬೆಳೆದ ಮೇಲೆ ಹೊರಗೆ. ವಂಶ ಹೆಣ್ಣಿನ ಕಡೆಯಿಂದ ನಡೆಯುವ ಅಳಿಯಕಟ್ಟಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ದಾರಿ ಪೂರ್ತಿ ಬಾವನನ್ನು ಗೋಳು ಹೊಯ್ದುಕೊಂಡೆ.

ಕೊನೆಯ ರಾತ್ರಿ ಚೀಲದ ಅಕ್ಕಿಯನ್ನು ಉಳಿದುಕೊಂಡಿದ್ದ ಮನೆಯ ಅಕ್ಕನಿಗೆ ಕೊಟ್ಟೆ. ಅವರು ಅದರಿಂದಲೇ ಅನ್ನ ಮಾಡಿ ಬಡಿಸಿದರು. ಸ್ವಲ್ಪ ಧೂಳು ವಾಸನೆ ಇತ್ತು.

ಊರಿಗೆ ಬಂದರೆ ಮಳೆ ಹಾಗೆಯೇ ಹೊಯ್ಯುತ್ತಿತ್ತು. ಈ ಹವೆಯಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯಲು ಹೆಚ್ಚು ದಿನ ಬೇಡ. ಬ್ಯಾಗ್ ಬಿಚ್ಚಿದ ಕೂಡಲೇ ಒರೆಸಿ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟೆ. ಝೂಮ್ ರಿಂಗ್ ತಿರುಗಿಸಿದರೆ ವಿಲ್ಪತ್ತುವಿನ ಕೆಂಪು ಧೂಳು ಈಗಲೂ ಕರಕರ ಅನ್ನುತ್ತದೆ. ಸರ್ವಿಸ್‌ಗೆ ಕೊಡಬೇಕು.